ಅಂಗಳದಲ್ಲಿ ನೆಟ್ಟ ಶಿಲುಬೆ ಬೇಲಿ ಜಗಳವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಅಮೆರಿಕದಲ್ಲಿ ಕಪ್ಪು ಜನರ ಮನೆಯೆದುರು ಬಿಳಿಯರು ಶಿಲುಬೆ ಸುಡುವ ಪ್ರಕರಣಗಳ ಬಗ್ಗೆ ಬರೆದಿದ್ದರು. ‘ತಮ್ಮ ಧರ್ಮದ ಗುರುತನ್ನು ತಾವೇ ಸುಟ್ಟುಕೊಂಡರೆ ಇನ್ನೊಬ್ಬರಿಗೆ ಆಗುವ ತೊಂದರೆಯಾದರೂ ಏನು? ಅಲ್ಲಿನ ಸುಪ್ರೀಂ ಕೋರ್ಟೇ ಅದನ್ನು ವಾಕ್ ಸ್ವಾತಂತ್ರ್ಯ ಅಂದಿದೆಯಲ್ಲ’ ಎಂಬುದು ಅವರ ಮಾತು. ಬರೆದವರಿಗೆ ಕೆಟ್ಟ ಉದ್ದೇಶವಿತ್ತು ಅಂತ ನನಗೆ ಅನ್ನಿಸಲಿಲ್ಲ, ತಿಳಿಯದೆ ಬರೆದಿದ್ದಾರೆ. ಆದರೆ ಇದೇ ಮಾತನ್ನು ನಾನು ಅಮೆರಿಕದಲ್ಲಿ ನಮ್ಮ ಕನ್ನಡದವರ ಯುಗಾದಿ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ, ಇಲ್ಲಿಗೆ ಬಂದ ಮೇಲೆ ನೆಂಟರ ಬಾಯಲ್ಲೂ ಕೇಳಿದ್ದೇನೆ. ಸುಮ್ಮನಿದ್ದರೆ ತಪ್ಪಾಗುತ್ತದೆ ಅಂತ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಆದಷ್ಟು ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಹಾಸನ ಜಿಲ್ಲೆಯ ಬೇರೆ ಬೇರೆ ಕೋರ್ಟುಗಳಲ್ಲಿ 34 ವರ್ಷ ಕೆಲಸ ಮಾಡಿ ಶಿರಸ್ತೇದಾರ್ ಆಗಿ ನಿವೃತ್ತಳಾದವಳು. ಮಗ ವರ್ಜೀನಿಯಾ ರಾಜ್ಯದ ವರ್ಜೀನಿಯಾ ಬೀಚ್ ಎಂಬ ಊರಿನಲ್ಲಿದ್ದಾನೆ. ಬೀಗಿತ್ತಿಗೆ ವೀಸಾ ಸಿಗದೆ ಹೋದದ್ದರಿಂದ ಸೊಸೆಯ ಬಾಣಂತನಕ್ಕೆ ನಾನೇ ಹೋಗಿ ಆರು ತಿಂಗಳು ಇದ್ದೆ. ಮಗು ಮಲಗಿದ ಮೇಲೆ ಸಂಜೆ ಹೊತ್ತು ಪಕ್ಕದ ಮನೆಯ ಜಗಲಿಯ ಮೇಲೆ ಕೂರುವುದು ರೂಢಿಯಾಯಿತು. ಆ ಮನೆಯಾಕೆ ಕಪ್ಪು ಜನಾಂಗದವರು, ನನಗಿಂತ ಹತ್ತು ವರ್ಷ ಹಿರಿಯರು, ನರ್ಸ್ ಆಗಿ ದುಡಿದು ನಿವೃತ್ತರಾದವರು. ನನ್ನ ಕೋರ್ಟು ಕಚೇರಿಯ ಇಂಗ್ಲಿಷ್ ಅವರಿಗೆ ಹೇಗೋ ಅರ್ಥವಾಗುತ್ತಿತ್ತು. ಅವರ ಮಾತು ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು.

ಒಂದು ಸಂಜೆ ನಾನು ತುಳಸಿ ಗಿಡದ ಮುಂದೆ ಹಚ್ಚಿದ್ದ ದೀಪದ ಬಗ್ಗೆ ಅವರು ಕೇಳಿದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಬಾಲ್ಯದ ಒಂದು ರಾತ್ರಿಯ ವಿಷಯ ತೆಗೆದರು. ಅವರು ಹುಟ್ಟಿದ್ದು ಪಕ್ಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಸ್ಮಿತ್‌ಫೀಲ್ಡ್ ಕಡೆ, ತಂಬಾಕು ಬೆಳೆಯುವ ಸೀಮೆ. ಅಪ್ಪ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಹೋಗಿ ಬಂದ ವಾರ ಅದು. ಇವರಿಗೆ ಎಂಟೋ ಒಂಬತ್ತೋ ವರ್ಷ. ನಡುರಾತ್ರಿ ಎಚ್ಚರವಾದಾಗ ಗೋಡೆಯೆಲ್ಲ ಕೆಂಪಾಗಿ ಅಲುಗುತ್ತಿತ್ತಂತೆ. ಬೆಳಗಾಯಿತು ಅಂದುಕೊಂಡರಂತೆ. ಅಮ್ಮ ಮೂರೂ ಮಕ್ಕಳನ್ನು ಮಂಚದಿಂದ ಎಳೆದು ಕಿಟಕಿಯ ಕೆಳಗೆ ನೆಲಕ್ಕೆ ಒತ್ತಿ ಮಲಗಿಸಿದರು. ಮನೆಯಲ್ಲಿದ್ದ ಬಕೆಟ್ಟು, ಪಾತ್ರೆ, ಕೊನೆಗೆ ಮಕ್ಕಳು ಸ್ನಾನ ಮಾಡುವ ತಗಡಿನ ತೊಟ್ಟಿಗೂ ನೀರು ತುಂಬಿಸಿಟ್ಟರು. ಅಪ್ಪ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ದೀಪವಿಲ್ಲದೆ ಕೂತರು. ಯಾರೂ ಬರಲಿಲ್ಲ. ಮನೆಗೆ ಕಲ್ಲು ಬೀಳಲಿಲ್ಲ, ಗುಂಡು ಹಾರಲಿಲ್ಲ. ಬೆಳಿಗ್ಗೆ ನೋಡಿದರೆ ಎದುರಿನ ಹುಲ್ಲಿನಲ್ಲಿ ಕರಕಲಾದ ಎರಡು ದಿಮ್ಮಿ, ಸೀಮೆಎಣ್ಣೆಯಲ್ಲಿ ನೆನೆಸಿ ಸುತ್ತಿದ್ದ ಗೋಣಿತಾಟಿನ ಚೂರುಗಳು, ಅದನ್ನು ಬಿಗಿದಿದ್ದ ಬೇಲಿ ತಂತಿ. ದಿಮ್ಮಿಯನ್ನು ಅಪ್ಪ ಕಿತ್ತು ಎಸೆದರು. ತಂತಿಯನ್ನು ಮಾತ್ರ ಅಮ್ಮ ಸುರುಳಿ ಸುತ್ತಿ ತಂದಿಟ್ಟರಂತೆ, ಬಡವರ ಮನೆಯಲ್ಲಿ ತಂತಿ ಬೆಲೆಬಾಳುವ ವಸ್ತು. ‘ನಮ್ಮ ಬಟ್ಟೆ ಒಣಗಿದ್ದು ಆ ತಂತಿಯ ಮೇಲೆ’ ಅಂದರು. ಅಪ್ಪ ಎರಡನೆಯ ಸಲ ಆ ಕಚೇರಿಗೆ ಹೋಗಲಿಲ್ಲ. ಹೋದದ್ದು ಆರೇಳು ವರ್ಷದ ಮೇಲೆ, ಮತದಾನದ ಹಕ್ಕಿನ ಕಾಯಿದೆ 1965ರಲ್ಲಿ ಬಂದ ನಂತರ.

ಆ ಮನೆಯ ಒಂದು ಹಂಚೂ ಒಡೆಯಲಿಲ್ಲ, ಒಬ್ಬರಿಗೂ ತರಚು ಗಾಯವಾಗಲಿಲ್ಲ. ಒಬ್ಬ ಮನುಷ್ಯನ ಓಟು ಮಾತ್ರ ಆರೇಳು ವರ್ಷ ಹೋಯಿತು. ‘ತೊಂದರೆಯಾದರೂ ಏನು’ ಎಂದು ಕೇಳಿದ ಓದುಗರಿಗೆ ನನ್ನ ಮೊದಲ ಉತ್ತರ ಇದು.

ಇನ್ನು ‘ತಮ್ಮ ಧರ್ಮದ ಗುರುತು’ ಎಂಬ ಮಾತು. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ಹುಟ್ಟಿದ್ದು ಅಲ್ಲಿನ ಅಂತರ್ಯುದ್ಧ ಮುಗಿದ 1865ರ ಕೊನೆಯಲ್ಲಿ, ಟೆನೆಸ್ಸಿ ರಾಜ್ಯದ ಪುಲಾಸ್ಕಿಯಲ್ಲಿ. ಬಿಡುಗಡೆಯಾದ ಗುಲಾಮರನ್ನು ಹೊಡೆಯಲು, ಕೊಲ್ಲಲು, ಓಟು ಹಾಕದಂತೆ ತಡೆಯಲು ಆ ಮೊದಲ ಗುಂಪು ಮಾಡದ ಕೆಲಸವಿಲ್ಲ. ಆದರೆ ಶಿಲುಬೆ ಸುಡುವುದು ಅವರಲ್ಲಿ ಇರಲಿಲ್ಲ. ಅದು ಬಂದದ್ದು ಕಥೆಯಿಂದ. ಸ್ಕಾಟ್ಲೆಂಡಿನ ಬೆಟ್ಟದ ಪಾಳೆಯಗಾರರು ಯುದ್ಧಕ್ಕೆ ಜನ ಕರೆಯಲು ಬೆಂಕಿ ಹಚ್ಚಿದ ಶಿಲುಬೆಯನ್ನು ಊರಿಂದೂರಿಗೆ ಕಳಿಸುತ್ತಿದ್ದರು ಎಂಬುದನ್ನು 1905ರಲ್ಲಿ ಒಬ್ಬ ಕಾದಂಬರಿಕಾರ ಎತ್ತಿಕೊಂಡು ಕ್ಲಾನಿನ ಕೈಗಿತ್ತ. ಕಾದಂಬರಿ 1915ರಲ್ಲಿ ಮೂಕಿ ಚಿತ್ರವಾಯಿತು. ಅದೇ ವರ್ಷ ನವೆಂಬರಿನಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಎಂಬ ಬಂಡೆಗುಡ್ಡದ ತುದಿಯಲ್ಲಿ ವಿಲಿಯಂ ಸಿಮನ್ಸ್ ಎಂಬಾತ ಹಿಂಬಾಲಕರನ್ನು ಸೇರಿಸಿ ಶಿಲುಬೆ ಸುಟ್ಟು ಎರಡನೆಯ ಕ್ಲಾನ್ ಕಟ್ಟಿದ. ತಾವು ಸುಡುವುದಿಲ್ಲ, ಕ್ರಿಸ್ತನ ಬೆಳಕನ್ನು ‘ಬೆಳಗಿಸುತ್ತೇವೆ’ ಅಂತ ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ನನ್ನ ಜೊತೆ ಹನ್ನೆರಡು ವರ್ಷ ಬೆರಳಚ್ಚು ಮಾಡಿದ ಕ್ರೈಸ್ತ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಒಂದೇ ಮಾತು ಅಂದಳು: ‘ಅಕ್ಕ, ಬೆಳಕು ಕೊಡೋಕೆ ಬಂದೋರು ಮುಖಕ್ಕೆ ಮುಸುಕು ಯಾಕೆ ಹಾಕ್ಕೊಂಡು ಬರ್ತಾರೆ?’

ಸುಪ್ರೀಂ ಕೋರ್ಟಿನ ಮಾತಿಗೆ ಬರುತ್ತೇನೆ, ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಮಗನ ಕಂಪ್ಯೂಟರಿನಲ್ಲಿ 2003ರ ಏಪ್ರಿಲ್ 7ರ ‘ವರ್ಜೀನಿಯಾ ವಿರುದ್ಧ ಬ್ಲ್ಯಾಕ್’ ತೀರ್ಪನ್ನು ತೆಗೆಸಿಕೊಂಡು ಮೂರು ರಾತ್ರಿ ಓದಿದೆ. ಕಾನೂನಿನ ಚರ್ಚೆಗಿಂತ ಮೊದಲು ನಾನು ನೋಡುವುದು ಪ್ರಕರಣದ ಸಂಗತಿಗಳನ್ನು. ಅದರಲ್ಲಿರುವುದು ಬೇರೆ ಬೇರೆ ಎರಡು ಘಟನೆ. ಎರಡೂ 1998ರಲ್ಲಿ ನಡೆದವು, ಎರಡೂ ಅದೇ ರಾಜ್ಯದಲ್ಲಿ.

ಒಂದು, ಆಗಸ್ಟ್ 22ರಂದು ಕ್ಯಾರೊಲ್ ಕೌಂಟಿಯ ಕಾನಾ ಎಂಬ ಹಳ್ಳಿಯ ಹೊಲದಲ್ಲಿ. ಹೊಲದ ಯಜಮಾನರ ಒಪ್ಪಿಗೆ ಪಡೆದು, ಪೆನ್ಸಿಲ್ವೇನಿಯಾದಿಂದ ಬಂದ ಬ್ಯಾರಿ ಬ್ಲ್ಯಾಕ್ ಎಂಬ ಕ್ಲಾನ್ ಮುಖಂಡ 25-30 ಜನರ ಸಭೆ ನಡೆಸಿದ. ಕಪ್ಪು ಜನರನ್ನು ಕಂಡ ಕಂಡಲ್ಲಿ ಗುಂಡಿಕ್ಕಬೇಕು ಅನ್ನಿಸುತ್ತದೆ ಎಂಬ ಮಾತು ಆ ಸಭೆಯಲ್ಲಿ ಬಂತು. ಕೊನೆಗೆ 25-30 ಅಡಿ ಎತ್ತರದ ಶಿಲುಬೆಗೆ ಬೆಂಕಿ ಇಟ್ಟರು. ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರು, ಒಳಗೆ ಹೋಗಿ, ಇದಕ್ಕೆ ಜವಾಬ್ದಾರಿ ಯಾರು ಅಂತ ಕೇಳಿ ಬ್ಲ್ಯಾಕ್‌ನನ್ನು ಹಿಡಿದರು. ಬೆದರಿಸುವ ಉದ್ದೇಶದಿಂದ ಶಿಲುಬೆ ಸುಡುವುದು ವರ್ಜೀನಿಯಾದಲ್ಲಿ ಐವತ್ತರ ದಶಕದಿಂದಲೂ ಅಪರಾಧ.

ಇನ್ನೊಂದು, ಮೇ 2ರ ರಾತ್ರಿ ಇದೇ ವರ್ಜೀನಿಯಾ ಬೀಚಿನಲ್ಲಿ, ನನ್ನ ಮೊಮ್ಮಗು ಹುಟ್ಟಿದ ಊರಿನಲ್ಲಿ. ಕಪ್ಪು ಜನಾಂಗದ ಒಬ್ಬರು ಆ ಬಡಾವಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಪಕ್ಕದ ಮನೆಯ ಹಿತ್ತಿಲಿನಲ್ಲಿ ಬಂದೂಕು ಹಾರುವ ಶಬ್ದ ಕೇಳಿ, ಏನಿದು ಅಂತ ಆ ಮನೆಯ ತಾಯಿಯನ್ನು ವಿಚಾರಿಸಿದ್ದರು. ಅಷ್ಟಕ್ಕೆ ಸಿಟ್ಟಾದ ಆ ತಾಯಿಯ ಮಗ ತನ್ನ ಜೊತೆಗಾರರೊಂದಿಗೆ ರಾತ್ರಿ ಗಾಡಿಯಲ್ಲಿ ಬಂದು ವಿಚಾರಿಸಿದವರ ಅಂಗಳದಲ್ಲಿ ಶಿಲುಬೆ ನೆಟ್ಟು ಬೆಂಕಿ ಇಟ್ಟ. ಅದು ಪೂರ್ತಿ ಹತ್ತಿಕೊಳ್ಳಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟ ಯಜಮಾನರು ಕಾರು ತೆಗೆಯುವಾಗ, ಮನೆಯಿಂದ ಸುಮಾರು 20 ಅಡಿ ದೂರದಲ್ಲಿ ಅರೆಬೆಂದು ನಿಂತಿದ್ದ ಅದನ್ನು ಕಂಡರು. ಮುಂದೇನು ಮಾಡುತ್ತಾರೋ ಗೊತ್ತಾಗುವುದಿಲ್ಲವಲ್ಲ, ಅದೇ ಭಯ ಎಂಬರ್ಥದ ಮಾತನ್ನು ಅವರು ಸಾಕ್ಷಿಕಟ್ಟೆಯಲ್ಲಿ ಹೇಳಿದ್ದಾರೆ.

ಎರಡು ಪ್ರಕರಣಕ್ಕೂ ಸೇರಿ ಕೋರ್ಟು ಹೇಳಿದ್ದೇನು? ನ್ಯಾಯಮೂರ್ತಿ ಸಾಂಡ್ರಾ ಡೇ ಒಕಾನರ್ ಬರೆದ ಬಹುಮತದ ತೀರ್ಪು ಸ್ಪಷ್ಟವಾಗಿದೆ: ಬೆದರಿಸುವ ಉದ್ದೇಶದಿಂದ ಶಿಲುಬೆ ಸುಟ್ಟರೆ ಅದನ್ನು ಅಪರಾಧ ಅಂತ ರಾಜ್ಯ ಶಿಕ್ಷಿಸಬಹುದು, ವಾಕ್ ಸ್ವಾತಂತ್ರ್ಯ ಅದಕ್ಕೆ ಅಡ್ಡ ಬರುವುದಿಲ್ಲ. ಬಿದ್ದುಹೋದದ್ದು ಆ ಕಾಯಿದೆಯ ಒಂದು ಸಾಲು ಮಾತ್ರ. ‘ಸುಟ್ಟದ್ದೇ ಬೆದರಿಸುವ ಉದ್ದೇಶಕ್ಕೆ ಮೇಲ್ನೋಟದ ಸಾಕ್ಷ್ಯ’ ಎನ್ನುವ ಸಾಲು ಅದು. ಉದ್ದೇಶವನ್ನು ಸರ್ಕಾರ ಬೇರೆಯಾಗಿ ರುಜುವಾತು ಮಾಡಬೇಕು ಅಂತ ಹೇಳಿ ಕಾನಾದ ಶಿಕ್ಷೆಯನ್ನು ರದ್ದು ಮಾಡಿದರು. ಅಂಗಳದ ಪ್ರಕರಣವನ್ನು ವಾಪಸು ಕಳಿಸಿದರು, ಅಲ್ಲಿ ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ‘ಸುಪ್ರೀಂ ಕೋರ್ಟೇ ಒಪ್ಪಿದೆ’ ಎನ್ನುವವರು ಕಾನಾದ ಹೊಲವನ್ನಷ್ಟೇ ನೋಡಿ, ಅಂಗಳವನ್ನು ಬಿಟ್ಟುಬಿಡುತ್ತಾರೆ.

ಆ ಕಾನಾದ ಭಾಗವನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ಆ ಸಭೆ ನಡೆಯುವಾಗ ರಸ್ತೆಯಲ್ಲಿ 40-50 ಕಾರು ಹಾದುಹೋದವು ಅಂತ ತೀರ್ಪಿನಲ್ಲೇ ಇದೆ. ಆ ಕಾರುಗಳಲ್ಲಿ ಯಾರಿದ್ದರು? ಮಕ್ಕಳನ್ನು ಹಿಂದೆ ಕೂರಿಸಿಕೊಂಡ ಕಪ್ಪು ಕುಟುಂಬವೊಂದು ಇದ್ದಿದ್ದರೆ ಅವರಿಗೆ ಆ ಹೊಲ ‘ಖಾಸಗಿ ಜಾಗ’ವಾಗಿ ಕಾಣುತ್ತಿತ್ತೇ? ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಆ ಪೀಠದಲ್ಲಿದ್ದ ಒಬ್ಬರೇ ಕಪ್ಪು ನ್ಯಾಯಮೂರ್ತಿ. ಜಾರ್ಜಿಯಾದ ಹಳ್ಳಿಯಲ್ಲಿ ಹುಟ್ಟಿದವರು, ವಾದ ಕೇಳುವಾಗ ಬಾಯಿ ಬಿಡುವುದೇ ಅಪರೂಪ ಅಂತ ಆಗ ಹೆಸರಾಗಿದ್ದವರು. 2002ರ ಡಿಸೆಂಬರಿನಲ್ಲಿ ಈ ಪ್ರಕರಣದ ವಾದ ನಡೆಯುವಾಗ ಅವರು ಮಾತಾಡಿದರು. ದಕ್ಷಿಣದಲ್ಲಿ ಸುಮಾರು ನೂರು ವರ್ಷ ಜನರನ್ನು ಮರಕ್ಕೆ ನೇತುಹಾಕಿ ಕೊಂದ ಭಯದ ಆಳ್ವಿಕೆಗೆ ಈ ಶಿಲುಬೆಯೇ ಗುರುತಾಗಿತ್ತಲ್ಲವೇ, ಇದನ್ನು ಬರಿಯ ಬೆದರಿಕೆ ಅನ್ನುವುದು ಕಡಿಮೆಯಲ್ಲವೇ ಎಂದು ಕೇಳಿದರು. ತೀರ್ಪಿನಲ್ಲೂ ಭಿನ್ನಮತ ಬರೆದು, ಇದರಲ್ಲಿ ಅಭಿವ್ಯಕ್ತಿಯ ಪ್ರಶ್ನೆಯೇ ಇಲ್ಲ ಅಂದರು. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ಆದರೂ ರುಜುವಾತಿನ ವಿಷಯದಲ್ಲಿ ಒಕಾನರ್ ಹೇಳಿದ್ದು ಸರಿ ಅಂತಲೇ ನಾನು ಕೊನೆಗೆ ತೀರ್ಮಾನಕ್ಕೆ ಬಂದೆ. ಕೋರ್ಟಿನಲ್ಲಿ 34 ವರ್ಷ ಕಳೆದವಳು ನಾನು. ಆರೋಪಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮೊದಲೇ ಊಹಿಸಿಕೊಂಡು ಶುರು ಮಾಡುವ ಕಾಯಿದೆ ಇವತ್ತು ಕೆಟ್ಟವನನ್ನು ಹಿಡಿಯುತ್ತದೆ, ನಾಳೆ ಯಾರನ್ನು ಹಿಡಿಯುತ್ತದೋ ಗೊತ್ತಿಲ್ಲ. ಕ್ಲಾನ್ ಮುಖಂಡನ ಪರವಾಗಿ ವಕಾಲತ್ತು ವಹಿಸಿದ ಡೇವಿಡ್ ಬಾ ಸ್ವತಃ ಕಪ್ಪು ಜನಾಂಗದ ವಕೀಲರು. ಈ ಸಂಗತಿಯನ್ನು ಓದಿ ನಾನು ಎದ್ದುಹೋಗಿ ನೀರು ಕುಡಿದು ಬಂದೆ. ತನ್ನನ್ನೇ ದ್ವೇಷಿಸುವವನ ಪಕ್ಕದಲ್ಲಿ ನಿಂತು, ಅವನ ಹಕ್ಕು ಉಳಿದರೆ ತನ್ನದೂ ಉಳಿದೀತು ಅಂತ ವಾದಿಸಲು ಎಂಥ ಎದೆ ಬೇಕು!

ನಮ್ಮಲ್ಲೂ ಸುಡುವುದೆಲ್ಲ ಬೆದರಿಕೆಯಲ್ಲ. ಹಾಸನದ ಎನ್.ಆರ್. ವೃತ್ತದಲ್ಲಿ ಎಷ್ಟು ಪ್ರತಿಕೃತಿಗಳು ಉರಿದುಹೋಗಿವೆಯೋ ಲೆಕ್ಕವಿಲ್ಲ. ಅಂಬೇಡ್ಕರ್ ಅವರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಸಭೆ ಕರೆದು, ಠರಾವು ಮಾಡಿ, ತಮ್ಮ ಹೆಸರು ಹೇಳಿ ಸುಟ್ಟರು. ಶಕ್ತಿ ಇಲ್ಲದವರು ಶಕ್ತಿ ಇರುವವರಿಗೆ ಕೊಟ್ಟ ಉತ್ತರ ಅದು. ರಾತ್ರಿ ಯಾರದೋ ಮನೆಯ ಅಂಗಳಕ್ಕೆ ನುಗ್ಗಿ, ಒಳಗೆ ಮಲಗಿದ ಮಕ್ಕಳಿಗೆ ಕಾಣುವ ಹಾಗೆ ಸುಟ್ಟು ಓಡಿಹೋದದ್ದಲ್ಲ. ನನ್ನ ಮಟ್ಟಿಗೆ ವಿಷಯ ಇರುವುದೇ ಇಲ್ಲಿ. ಅದನ್ನು ಎಲ್ಲಿ ನೆಟ್ಟರು, ಯಾರ ಕಿಟಕಿಗೆ ಎದುರಾಗಿ ನೆಟ್ಟರು, ನೆಟ್ಟವರು ಹೆಸರು ಹೇಳಿಕೊಂಡರೋ ಕತ್ತಲಲ್ಲಿ ಬಂದರೋ ಎಂದು ನೋಡಬೇಕು. ನಮ್ಮ ಹಳೆಯ ದಂಡಸಂಹಿತೆಯಲ್ಲಿ ಇದು ಇತ್ತು. ಕಲಂ 506ರ ಎರಡನೆಯ ಭಾಗದಲ್ಲಿ ಕೊಲ್ಲುವ ಬೆದರಿಕೆಯ ಪಕ್ಕದಲ್ಲೇ ಬೆಂಕಿಯಿಂದ ಆಸ್ತಿ ನಾಶ ಮಾಡುವ ಬೆದರಿಕೆಯನ್ನೂ ಇಟ್ಟು, ಎರಡಕ್ಕೂ ಏಳು ವರ್ಷದವರೆಗೆ ಶಿಕ್ಷೆ ಅಂದಿದ್ದರು. ಹೆಸರು ಮರೆಸಿ ಬೆದರಿಸಿದರೆ ಕಲಂ 507ರಲ್ಲಿ ಅದರ ಮೇಲೆ ಇನ್ನೆರಡು ವರ್ಷ. ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 351ಕ್ಕೆ ಇವೆಲ್ಲ ಸೇರಿವೆ. ಬೆದರಿಸಿದವನು ಯಾರು ಅಂತ ಗೊತ್ತಿಲ್ಲದಿದ್ದರೆ ಭಯ ಎರಡು ಪಟ್ಟು ಎಂಬುದು 1860ರಲ್ಲೇ ಕಾಯಿದೆ ಬರೆದವರಿಗೆ ತಿಳಿದಿತ್ತು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಕೇಳಿದ, ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದ ಅಭಿಪ್ರಾಯಕ್ಕೆ ಬರುತ್ತೇನೆ. ‘ಅದು ಅಕ್ಕಪಕ್ಕದ ಮನೆಯವರ ಜಗಳ, ಹುಡುಗರು ಬುದ್ಧಿಯಿಲ್ಲದೆ ಮಾಡಿದ್ದು, ಅದಕ್ಕೆಲ್ಲ ಬಣ್ಣ ಬಳಿಯಬಾರದು.’ ವರ್ಜೀನಿಯಾ ಬೀಚಿನ ಹುಡುಗರ ಬಗ್ಗೆಯೂ ಇದನ್ನೇ ಹೇಳಿದರು. ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್‌ನಲ್ಲಿ 2020ರ ಡಿಸೆಂಬರಿನಲ್ಲಿ ಒಬ್ಬ ಯುವಕ ಪಕ್ಕದ ಕಪ್ಪು ಕುಟುಂಬದ ಜೊತೆ ಜಗಳವಾಡಿ, ಅವರಿಗೆ ಕಾಣುವಂತೆ ತನ್ನ ಅಂಗಳದಲ್ಲಿ ಶಿಲುಬೆ ನಿಲ್ಲಿಸಿ, ಎಂಜಿನ್ ಆಯಿಲ್ ಸುರಿದು ಬೆಂಕಿ ಇಟ್ಟ. ಜನಾಂಗದ ಕಾರಣಕ್ಕೆ ಒಬ್ಬರನ್ನು ಅವರ ಮನೆಯಲ್ಲಿ ನೆಮ್ಮದಿಯಾಗಿ ಇರದಂತೆ ಬೆದರಿಸಬಾರದು ಎಂಬ, 1968ರಿಂದ ಇರುವ ಕೇಂದ್ರ ಕಾಯಿದೆಯಡಿ ಅವನಿಗೆ 2023ರಲ್ಲಿ 42 ತಿಂಗಳು ಜೈಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಸೌತ್ ಕ್ಯಾರೊಲಿನಾದ ಕಾನ್ವೇ ಬಳಿ ನಿವೃತ್ತ ಕಪ್ಪು ದಂಪತಿಯ ಬೇಲಿಯ ಆಚೆ ಮತ್ತೊಂದು ಶಿಲುಬೆ ಉರಿಯಿತು. ಅಲ್ಲೂ ಮೊದಲು ಇದ್ದದ್ದು ನೆರೆಹೊರೆಯ ತಂಟೆ.

ಜಗಳ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು. ಜಗಳಕ್ಕೆ ಬೈಗುಳವಿದೆ, ಕಲ್ಲಿದೆ, ಪೊಲೀಸ್ ಠಾಣೆ ಇದೆ. ಅವನ್ನೆಲ್ಲ ಬಿಟ್ಟು ಎರಡು ಮರದ ತುಂಡು ಹುಡುಕಿ, ಅಡ್ಡಕ್ಕೆ ಬಿಗಿದು, ಎಣ್ಣೆ ಸುರಿದು ಹೊತ್ತುಕೊಂಡು ಹೋಗಬೇಕಾದರೆ, ಎದುರಿನವರು ಯಾರು, ಅವರ ಅಜ್ಜ ಅಜ್ಜಿಗೆ ಏನಾಗಿತ್ತು ಎಂಬುದು ಗೊತ್ತಿದ್ದೇ ಹೋಗಿರುತ್ತಾನೆ. ಬಿಳಿಯ ನೆರೆಯವರ ಜೊತೆ ಜಗಳವಾಗಿದ್ದರೆ ಆ ಹುಡುಗರು ಶಿಲುಬೆ ಕಟ್ಟುತ್ತಿರಲಿಲ್ಲ.

ಈ ವಾದ ನನಗೆ ಹೊಸದಲ್ಲ. ದೌರ್ಜನ್ಯ ತಡೆ ಕಾಯಿದೆಯ ಎಷ್ಟು ಕಡತಗಳನ್ನು ನಾನು ಕಟ್ಟಿ ಬಿಚ್ಚಿದ್ದೇನೋ! ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರ ಮೊದಲ ಪ್ರಶ್ನೆ ಇದೇ: ‘ನಿಮಗೂ ಆರೋಪಿಗೂ ಬದುವಿನ ವಿಚಾರಕ್ಕೆ ಮೊದಲಿಂದ ತಕರಾರು ಇತ್ತು ಅಂದರೆ ಸರಿಯೇ?’ ಫಿರ್ಯಾದಿ ‘ಸರಿ’ ಅನ್ನುತ್ತಾನೆ, ಯಾಕೆಂದರೆ ಅದು ನಿಜ. ಅಲ್ಲಿಗೆ ಜಾತಿಯ ಮಾತು ಕಡತದಿಂದ ಮೆಲ್ಲಗೆ ಜಾರುತ್ತದೆ. ಒಮ್ಮೆ ಒಬ್ಬ ಮುದುಕ, ಕೇರಿಯವರು, ಸವಾಲು ಮುಗಿದ ಮೇಲೂ ಕಟಕಟೆಯಿಂದ ಇಳಿಯದೆ ನಿಂತು, ‘ಸ್ವಾಮಿ, ಬದುವಿನ ಜಗಳ ಎಲ್ಲರ ಜೊತೇಲೂ ಐತೆ. ಬಾವಿಗೆ ಬೇಲಿ ಹಾಕಿದ್ದು ನನಗೊಬ್ಬನಿಗೇ’ ಅಂದರು. ಅದು ಪ್ರಶ್ನೆಗೆ ಬಂದ ಉತ್ತರವಲ್ಲವಾದ್ದರಿಂದ ದಾಖಲಾಗಲಿಲ್ಲ. ಬೆರಳಚ್ಚು ಯಂತ್ರದ ಮುಂದೆ ಕೂತಿದ್ದವಳು ನಾನೇ. ಆ ಮಾತು ನನ್ನ ಬೆರಳಿನವರೆಗೆ ಬಂದು ನಿಂತುಬಿಟ್ಟಿತು.

ಆ ಯುಗಾದಿ ಊಟದಲ್ಲಿ, ಇದು ಕರಿಯರ-ಬಿಳಿಯರ ವ್ಯವಹಾರ, ನಮಗೇಕೆ ಅಂದವರು ಒಬ್ಬರು. ಒಳ್ಳೆಯ ಹುಡುಗ, ನನ್ನ ಎಲೆಗೆ ಒಬ್ಬಟ್ಟು ಬಡಿಸುತ್ತಾ ಅಂದದ್ದು. ನಮ್ಮ ಜನ ಅಲ್ಲಿಗೆ ಗುಂಪುಗುಂಪಾಗಿ ಹೋಗಲು ಬಾಗಿಲು ತೆರೆದದ್ದು 1965ರ ವಲಸೆ ಕಾಯಿದೆ. ಕಪ್ಪು ಜನ ಲಾಠಿ ಏಟು ತಿಂದು, ಜೈಲಿಗೆ ಹೋಗಿ, 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವಂತೆ ಮಾಡಿದ್ದರಿಂದಲೇ ಮರುವರ್ಷ ಇದೂ ಸಾಧ್ಯವಾಯಿತು. ಆಮೇಲೆ 1987ರಲ್ಲಿ ನ್ಯೂಜೆರ್ಸಿಯ ಜರ್ಸಿ ಸಿಟಿಯಲ್ಲಿ, ಭಾರತೀಯರನ್ನು ಊರು ಬಿಡಿಸಲು ಯಾವ ಮಟ್ಟಕ್ಕೂ ಹೋಗುತ್ತೇವೆ ಎಂದು ‘ಡಾಟ್‌ಬಸ್ಟರ್ಸ್’ ಎಂಬ ಹೆಸರಿನಲ್ಲಿ ಬಂದ ಬೆದರಿಕೆ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಹೆಂಗಸರ ಹಣೆಯ ಕುಂಕುಮವನ್ನೇ ಆಡಿಕೊಂಡ ಹೆಸರು ಅದು. ಆ ಹೊತ್ತಿನಲ್ಲೇ ಅಲ್ಲಿ ಭಾರತೀಯರ ಮೇಲೆ ಸಾಲುಸಾಲು ಹಲ್ಲೆಗಳಾದವು. ಪತ್ರ ತಾನೇ, ಕಾಗದ ತಾನೇ ಅಂತ ಆಗಲೂ ಅಂದವರಿದ್ದರು. ಇದನ್ನು ಆ ಹುಡುಗನಿಗೆ ಹೇಳಿದೆ. ಅವನು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಪಕ್ಕದ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದ.

ಒಂದು ಫೋಟೋ ಇದೆ, ಓದುಗರು ಹುಡುಕಿ ನೋಡಬೇಕು. 1960ರ ಏಪ್ರಿಲ್, ಅಟ್ಲಾಂಟಾ. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಮನೆಯ ಮುಂದಿನ ಹುಲ್ಲಿನಿಂದ ಸುಟ್ಟ ಶಿಲುಬೆಯೊಂದನ್ನು ಕಿತ್ತು ತೆಗೆಯುತ್ತಿದ್ದಾರೆ. ಪಕ್ಕದಲ್ಲಿ ಎರಡೂವರೆ ವರ್ಷದ ಮಗ ನಿಂತಿದ್ದಾನೆ. ಅವರ ಮುಖದಲ್ಲಿ ಸಿಟ್ಟು ಕಾಣುವುದಿಲ್ಲ. ಅಂಗಳದಲ್ಲಿ ಬೆಳೆದ ಕಳೆ ಕೀಳುವವರ ಹಾಗಿದ್ದಾರೆ. ನನ್ನ ಪಕ್ಕದ ಮನೆಯಾಕೆಗೆ ಆ ಫೋಟೋ ತೋರಿಸಿದಾಗ ಅವರು ಕಿಂಗ್ ಅವರನ್ನು ನೋಡಲಿಲ್ಲ. ಮಗುವಿನ ಮೇಲೆ ಬೆರಳಿಟ್ಟು, ‘ಇವನು ಆ ರಾತ್ರಿ ಮಲಗಿದನೋ ಇಲ್ಲವೋ’ ಅಂದರು.

ಸಂಪಾದಕರೇ, ತಮ್ಮಲ್ಲಿ ಒಂದೇ ಕೋರಿಕೆ. ಇಂಥ ಸುದ್ದಿ ಹೊರದೇಶದ್ದಾಗಲಿ, ನಮ್ಮ ತಾಲ್ಲೂಕಿನದೇ ಆಗಲಿ, ಒಂದು ಕಾಲಮ್ಮಿನ ಚಿಕ್ಕ ಸುದ್ದಿಯಾಗಿ ‘ನೆರೆಹೊರೆಯವರ ಕಲಹ’ ಎಂಬ ತಲೆಬರಹ ಹಾಕಿ ಪ್ರಕಟಿಸಬೇಡಿ. ಏನನ್ನು ಸುಟ್ಟರು, ಯಾರ ಬಾಗಿಲಿನಿಂದ ಎಷ್ಟು ಅಡಿ ದೂರದಲ್ಲಿ ಸುಟ್ಟರು, ಆ ಮನೆಯವರು ಏನಂದರು, ಈ ಮೂರನ್ನು ಬರೆಸಿ.

ನಾನು ವಾಪಸು ಹೊರಡುವ ಹಿಂದಿನ ರಾತ್ರಿ ಪಕ್ಕದ ಮನೆಯಾಕೆಯ ಜಗಲಿಯ ದೀಪ ಉರಿಯುತ್ತಲೇ ಇತ್ತು. ಎಂದೂ ಆರಿಸುವುದಿಲ್ಲವಲ್ಲ, ಕರೆಂಟು ಬಿಲ್ಲು ಬರುವುದಿಲ್ಲವೇ ಅಂತ ಕೇಳಿದೆ. ಮದುವೆಯಾಗಿ ಸ್ವಂತ ಮನೆ ಮಾಡಿದಾಗಿನಿಂದ ಅದು ಹಾಗೇ ಇದೆಯಂತೆ. ಅಂಗಳಕ್ಕೆ ಯಾರು ಬಂದರೂ ಮುಖ ಕಾಣಬೇಕು, ಅಷ್ಟೇ ಅಂದರು.

ನಿವೃತ್ತ ಶಿರಸ್ತೇದಾರ್, ಹಾಸನ

(ಮಗನ ಕುಟುಂಬ ಅಲ್ಲೇ ಇರುವುದರಿಂದ ಹೆಸರು ಪ್ರಕಟಿಸಬಾರದೆಂದು ವಿನಂತಿ.)